ಬಡಾವಣೆ ಮತ್ತು ಬಳಗ: ರಾಜರಾಜೇಶ್ವರಿನಗರದ ನೆಲೆಯಿಂದ ಕಲಾವಿದ ಸಮುದಾಯದ ಕುರಿತು ಕೆಲವು ವಿಚಾರಗಳು

1

ಕಲಾವಿದ ಮತ್ತು ಸಮಾಜದ ಸಂಬಂಧವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ನವೋದಯದಿಂದ ಬಂಡಾಯದವರೆಗಿನ ಎಲ್ಲ ಘಟ್ಟಗಳಲ್ಲೂ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಎದುರಾಗಿದೆ. ಆದರೆ ಈ ಚರ್ಚೆಗಳಲ್ಲಿ 'ಸಮಾಜ'ವೆಂಬುದು ಬಹುಮಟ್ಟಿಗೆ ಅಮೂರ್ತ ಕಲ್ಪನೆಯಾಗಿಯೇ ಉಳಿದಿದೆ. ಕವಿಯೋ ನಟನೋ ಗಾಯಕಿಯೋ ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣಿಗೆ ಬೀಳುವ ಬೀದಿ, ನೆರೆಮನೆ, ಹಾಲಿನ ಅಂಗಡಿ, ಉದ್ಯಾನದ ಕಲ್ಲುಬೆಂಚು ಇವು ಆ ಸಮಾಜದ ಭಾಗವೆಂದು ಪರಿಗಣಿತವಾದದ್ದು ಕಡಿಮೆ. ತಾನು ವಾಸಿಸುವ ಎಡೆಯಲ್ಲೇ ತನ್ನ ಕಲೆಗೊಂದು ಬಳಗವನ್ನು ಕಂಡುಕೊಳ್ಳುವುದು, ಇಲ್ಲದಿದ್ದರೆ ಕಟ್ಟಿಕೊಳ್ಳುವುದು ಕಲಾವಿದನಿಗೆ ಹೇಗೆ ಸಾಧ್ಯವಾಯಿತು, ಎಲ್ಲಿ ಸಾಧ್ಯವಾಗಲಿಲ್ಲ ಎಂಬುದನ್ನು ಕರ್ನಾಟಕದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸಿ, ಆ ಬೆಳಕಿನಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ರಾಜರಾಜೇಶ್ವರಿನಗರದಂತಹ ಬಡಾವಣೆಯನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಮಾತಿನ ವಿಚಾರ. 'ಸಮುದಾಯ'ವೆಂಬ ಸಂಸ್ಕೃತ ಪದವನ್ನು ನಾವಿಂದು ಎಲ್ಲ ಬಗೆಯ ಕೂಡುವಿಕೆಗೂ ಬಳಸುತ್ತಿದ್ದೇವೆ. ಜಾತಿಗೂ ಅದೇ, ಧರ್ಮಕ್ಕೂ ಅದೇ, ವೃತ್ತಿಬಾಂಧವರಿಗೂ ಅದೇ. ಕನ್ನಡದ ಆಡುಮಾತು ಇಷ್ಟು ಉದಾಸೀನವಾಗಿಲ್ಲ. ಬಳಗ, ಗುಂಪು, ಕೂಟ, ಮೇಳ, ಕೇರಿ, ಕಟ್ಟೆ ಒಂದೊಂದಕ್ಕೂ ಬೇರೆಬೇರೆ ಛಾಯೆಯಿದೆ. ಬಳಗದಲ್ಲಿ ನಂಟಿನ ಬಿಸುಪಿದೆ. ಗುಂಪಿಗೆ ನಂಟು ಬೇಕಿಲ್ಲ, ಒಲವು ಸಾಕು. ಮೇಳವೆಂದರೆ ದುಡಿಮೆಗಾಗಿ ಕೂಡಿದವರು. ಯಕ್ಷಗಾನದ ಮೇಳದಲ್ಲಿ ಭಾಗವತನಿಗೂ ವೇಷಧಾರಿಗೂ ಪೆಟ್ಟಿಗೆ ಹೊರುವವನಿಗೂ ಸ್ಥಾನವಿದೆ; ಹರಕೆಯಾಟ ಆಡಿಸುವ ಮನೆಯವರಂತೂ ಮೇಳದ ಹೊರಗಿದ್ದೂ ಅದರ ಅನ್ನಕ್ಕೆ ಆಧಾರ. ಕಟ್ಟೆಯಾದರೋ ಜನರನ್ನು ಹೆಸರಿಸುವುದೇ ಇಲ್ಲ, ಅವರು ಕೂರುವ ಜಾಗವನ್ನು ಹೆಸರಿಸುತ್ತದೆ. 'ಕಟ್ಟು' ಎಂಬ ಧಾತುವಿನ ವ್ಯಾಪ್ತಿಯೂ ಗಮನಾರ್ಹ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ವೇಷ ಕಟ್ಟುತ್ತೇವೆ, ಗೆಜ್ಜೆ ಕಟ್ಟುತ್ತೇವೆ, ಸಂಘವನ್ನೂ ಕಟ್ಟುತ್ತೇವೆ. ಕಲಾಕೃತಿಯನ್ನು ಮಾಡುವ ಕ್ರಿಯೆಗೂ ಜನರನ್ನು ಕೂಡಿಸುವ ಕ್ರಿಯೆಗೂ ಕನ್ನಡ ಒಂದೇ ಕ್ರಿಯಾಪದ ಕೊಟ್ಟಿದೆ. ಕಟ್ಟಿಹಾಕುವುದೂ ಅದೇ ಧಾತುವಿನಿಂದ ಬಂದದ್ದು ಎಂಬುದನ್ನು ಮರೆಯುವಂತಿಲ್ಲ.

2

ಮೈಸೂರು ರಸ್ತೆಯಲ್ಲಿ ನಗರದಿಂದ ಹೊರಟವರಿಗೆ ಎಡಗಡೆ ರಾಜರಾಜೇಶ್ವರಿನಗರ, ಬಲಗಡೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ವೃಷಭಾವತಿಯೂ ಹೆದ್ದಾರಿಯೂ ಈ ಭಾಗದಲ್ಲಿ ಜೊತೆಜೊತೆಯಾಗಿ ಸಾಗುತ್ತವೆ. ತಿರುಚ್ಚಿ ಮಹಾಸ್ವಾಮಿಗಳು 1960ರಲ್ಲಿ ಸ್ಥಾಪಿಸಿದ ಕೈಲಾಸಾಶ್ರಮ ಮತ್ತು ಅಲ್ಲಿನ ರಾಜರಾಜೇಶ್ವರಿ ದೇವಾಲಯದಿಂದ ಪ್ರದೇಶಕ್ಕೆ ಈ ಹೆಸರು ಬಂದಿದೆ. ಹಲಗೆವಡೇರಹಳ್ಳಿ, ಚನ್ನಸಂದ್ರ, ಪಟ್ಟಣಗೆರೆ, ಕೆಂಚೇನಹಳ್ಳಿ ಇವು ಅದರ ಅಡಿಯಲ್ಲಿರುವ ಹಳೆಯ ಊರುಗಳು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅದರಲ್ಲಿ ವಿಲೀನಗೊಂಡ ಏಳು ನಗರಸಭೆಗಳಲ್ಲಿ ರಾಜರಾಜೇಶ್ವರಿನಗರವೂ ಒಂದಾಗಿತ್ತು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಮಾರ್ಗ ಕೆಂಗೇರಿಯವರೆಗೆ ವಿಸ್ತರಣೆಗೊಂಡು ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ ಎಂಬ ಹೆಸರುಗಳು ನಿಲ್ದಾಣದ ಫಲಕಗಳಾದವು.

ಈ ಬಡಾವಣೆಗಳ ಹುಟ್ಟಿನ ಬಗೆ ಚರ್ಚೆಗೆ ಮುಖ್ಯ. ಬೆಮೆಲ್ ಬಡಾವಣೆ, ಐಡಿಯಲ್ ಹೋಮ್ಸ್ ಮೊದಲಾದ ಹೆಸರುಗಳೇ ಸೂಚಿಸುವಂತೆ ಇಲ್ಲಿನ ಬಹುಭಾಗವನ್ನು ರೂಪಿಸಿದ್ದು ಗೃಹನಿರ್ಮಾಣ ಸಹಕಾರ ಸಂಘಗಳು. ಸಹಕಾರವೆಂಬ ದೊಡ್ಡ ಮಾತು ಇಲ್ಲಿ ವಿಚಿತ್ರವಾದ ರೀತಿಯಲ್ಲಿ ಕೆಲಸ ಮಾಡಿದೆ. ಜನ ಒಟ್ಟುಗೂಡಿ ಭೂಮಿ ಕೊಳ್ಳುತ್ತಾರೆ, ನಿವೇಶನ ಹಂಚಿಕೆಯಾಗುತ್ತದೆ, ಹಂಚಿಕೆಯಾದೊಡನೆ ಒಟ್ಟುಗೂಡುವ ಕಾರಣ ಮುಗಿದುಹೋಗುತ್ತದೆ. ಕೂಡಿ ಕೊಂಡದ್ದು ಬೇರೆಬೇರೆ ಬದುಕುವುದಕ್ಕಾಗಿ. ಇದು ಆಕ್ಷೇಪವಲ್ಲ, ನಗರದ ಮಧ್ಯಮವರ್ಗಕ್ಕೆ ಸ್ವಂತ ಸೂರು ದೊರೆತದ್ದು ಈ ದಾರಿಯಿಂದಲೇ. ಆದರೆ ಕಲೆಯ ಬಳಗವೊಂದು ಇಂತಹ ನೆಲದಲ್ಲಿ ತಾನಾಗಿ ಮೊಳೆಯಲಾರದು.

ಕಲಾವಿದರಿಗೆ ಇಲ್ಲಿ ಕೊರತೆಯಿಲ್ಲ. ಕಿರುತೆರೆ ಮತ್ತು ಚಲನಚಿತ್ರದ ಅನೇಕ ನಟನಟಿಯರು, ತಂತ್ರಜ್ಞರು ಈ ಭಾಗದಲ್ಲಿ ನೆಲೆಸಿದ್ದಾರೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎರಡನೆಯ ಆವರಣ ಇಲ್ಲಿದೆ. ವಿಶ್ವವಿದ್ಯಾಲಯದ ಸಾಮೀಪ್ಯದಿಂದ ಅಧ್ಯಾಪಕರು, ಬರಹಗಾರರು ಸುತ್ತಮುತ್ತ ಮನೆ ಮಾಡಿದ್ದಾರೆ. ಉತ್ತರ ಕರ್ನಾಟಕದಿಂದಲೋ ಮಲೆನಾಡಿನಿಂದಲೋ ಬಂದ ಯುವಕರು ಬಾಡಿಗೆ ಕೋಣೆಗಳಲ್ಲಿದ್ದುಕೊಂಡು ನಾಟಕಕ್ಕೋ ಧಾರಾವಾಹಿಗೋ ದುಡಿಯುತ್ತಾರೆ. ಹಾಗಿದ್ದೂ ನಾಟಕದ ತಾಲೀಮಿಗೆ, ಕೃತಿಯ ಬಿಡುಗಡೆಗೆ, ಚಿತ್ರಪ್ರದರ್ಶನಕ್ಕೆ ಇವರು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದತ್ತ, ಕುಮಾರಕೃಪಾ ರಸ್ತೆಯತ್ತ, ಜೆ.ಪಿ. ನಗರದ ರಂಗಶಂಕರದತ್ತ ಹೋಗಬೇಕು. ಕಲೆ ಹುಟ್ಟುವ ಮನೆ ಒಂದೆಡೆ, ಅದು ಸಾಕ್ಷಿಯನ್ನು ಪಡೆಯುವ ಸ್ಥಳ ಇನ್ನೊಂದೆಡೆ. ನೆರೆಮನೆಯವರಿಗೆ ಇಲ್ಲೊಬ್ಬ ಶಿಲ್ಪಿಯಿದ್ದಾನೆಂದು ತಿಳಿಯುವುದು ಅವನು ಪ್ರಶಸ್ತಿ ಪಡೆದಾಗ, ಇಲ್ಲವೆ ತೀರಿಕೊಂಡಾಗ.

3

ಇಂತಹ ಸ್ಥಿತಿಗೆ ಎದುರಾಗಿ ನಿಲ್ಲಿಸಬಹುದಾದ ನಿದರ್ಶನಗಳಲ್ಲಿ ಧಾರವಾಡದ 'ಗೆಳೆಯರ ಗುಂಪು' ಮೊದಲನೆಯದು. 1920ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕೂಡಿದ ಈ ತರುಣರಲ್ಲಿ ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಎನ್ಕೆ ಮೊದಲಾದವರಿದ್ದರು. ಸಾಹಿತ್ಯ ಚರಿತ್ರೆ ಇವರನ್ನು ಒಂದು ಪಂಥದ ಮುನ್ನುಡಿಯಂತೆ ಕಾಣುತ್ತದೆ. ಆದರೆ ಗುಂಪು ಕೂಡಿದ್ದು ಒಂದು ಸಿದ್ಧಾಂತಕ್ಕಾಗಿ ಅಲ್ಲ. ಓದಿದ್ದನ್ನು, ಬರೆದದ್ದನ್ನು ಒಬ್ಬರಿಗೊಬ್ಬರು ಕೇಳಿಸುವುದಕ್ಕಾಗಿ. ಶಂ.ಬಾ. ಮತ್ತು ಗೋಕಾಕರ ಮುಂದಿನ ದಾರಿಗಳು ಎಷ್ಟು ಬೇರೆಯಾದವು ಎಂಬುದನ್ನು ನೆನೆದರೆ, ಅಭಿಪ್ರಾಯದ ಏಕತೆ ಈ ಕೂಟದ ಆಧಾರವಾಗಿರಲಿಲ್ಲವೆಂಬುದು ತಿಳಿಯುತ್ತದೆ. ಪ್ರತಿಭೆಯ ಮೊದಲ ಕೇಳುಗ ಸಮಪ್ರಾಯದ ಗೆಳೆಯನಾಗಿರುವುದು, ಅವನು ಮರುದಿನವೂ ಸಿಗುವಷ್ಟು ಹತ್ತಿರದಲ್ಲಿರುವುದು, ಇದು ಅದರ ಬಲ.

ಅದೇ ಧಾರವಾಡದಲ್ಲಿ 1933ರಲ್ಲಿ ಆರಂಭಗೊಂಡ ಮನೋಹರ ಗ್ರಂಥಮಾಲೆಯ 'ಅಟ್ಟ' ಇದಕ್ಕೆ ಸ್ಥಳದ ಆಯಾಮವನ್ನು ಸೇರಿಸಿತು. ಜಿ.ಬಿ. ಜೋಶಿಯವರು ನಡೆಸಿದ ಪ್ರಕಾಶನದ ಮಹಡಿಯ ಕೋಣೆ ಅದು. ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆಯ ಮಾತು ಮುದ್ರಣಕ್ಕೆ ಹೋಗುವ ಮೊದಲು ಅಲ್ಲಿ ಹರಟೆಯಾಗಿ ಹರಿಯುತ್ತಿತ್ತು. ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ, ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಹೊರಬಂದದ್ದು ಈ ಗ್ರಂಥಮಾಲೆಯಿಂದಲೇ. ಇಬ್ಬರೂ ಧಾರವಾಡದ ಹುಟ್ಟುನಿವಾಸಿಗಳಲ್ಲ. ಅಟ್ಟ ಊರಿನವರನ್ನು ಹಿಡಿದಿಟ್ಟುಕೊಳ್ಳುವಂತೆಯೇ ಹೊರಗಿನವರನ್ನು ಬರಮಾಡಿಕೊಂಡಿತು. ಜೊತೆಗೆ, ಚಂದಾದಾರ ಓದುಗರನ್ನು ನೆಚ್ಚಿ ನಡೆದ ಮಾಲೆ ಅದು ಎಂಬುದನ್ನು ಗಮನಿಸಬೇಕು. ಅಟ್ಟದಲ್ಲಿ ಕುಳಿತವರು ಹತ್ತಾರು ಮಂದಿಯಾದರೆ, ಅವರನ್ನು ಕೂರಿಸಿದವರು ಅಂಚೆಯಲ್ಲಿ ಪುಸ್ತಕ ತರಿಸಿಕೊಳ್ಳುತ್ತಿದ್ದ ಕಾಣದ ಓದುಗರು.

ಹಲಸಂಗಿಯ ನಿದರ್ಶನ ಇನ್ನೂ ಆಳವಾದದ್ದು. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಒಂದು ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು ಕೂಡಿ ನಡೆಸಿದ ಕಾರ್ಯದ ಫಲವಾಗಿ 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಇವರು ಕಲೆಯ ಕೇಂದ್ರವನ್ನು ಅರಸಿ ಊರು ಬಿಡಲಿಲ್ಲ. ತಮ್ಮ ಮನೆಯ, ನೆರೆಯ, ಹೊಲದ ಹಾದಿಯ ಹೆಂಗಸರು ಬೀಸುವಾಗ, ತೂಗುವಾಗ ಹೇಳುತ್ತಿದ್ದುದನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. ಕವಿಯಾಗಬೇಕೆಂದು ಹೊರಟ ತರುಣರಿಗೆ ತಮಗಿಂತ ದೊಡ್ಡ ಕವಿಗಳು ಪಕ್ಕದ ಮನೆಯಲ್ಲಿದ್ದಾರೆಂದು ಕಾಣಿಸಿದ ಕ್ಷಣ, ಕನ್ನಡದ ಆಧುನಿಕ ಕಲಾಪ್ರಜ್ಞೆಯ ಒಂದು ನಿರ್ಣಾಯಕ ಘಟನೆ. ಆದರೆ ಇಲ್ಲೊಂದು ಎಡರಿದೆ. ಚರಿತ್ರೆಯಲ್ಲಿ ಉಳಿದ ಹೆಸರು 'ಹಲಸಂಗಿ ಗೆಳೆಯರು'. ಹಾಡಿದವರು ಆ ಹೆಸರಿನೊಳಗೆ ಸೇರಲಿಲ್ಲ. ಗೆಳೆತನವೆಂಬುದು ಓದುಬರಹ ಬಲ್ಲ ಗಂಡಸರ ನಡುವಿನ ಸಂಬಂಧವಾಗಿಯೂ, ಹಾಡಿದ ಗರತಿಯರು ಅದರ ಆಕರವಾಗಿಯೂ ಉಳಿದರು. ಸ್ಥಳೀಯ ಕಲಾಸಮುದಾಯ ಯಾರನ್ನು ಒಳಗಿಟ್ಟುಕೊಳ್ಳುತ್ತದೆ, ಯಾರನ್ನು ಸಾಮಗ್ರಿಯಾಗಿ ಬಳಸುತ್ತದೆ ಎಂಬ ಪ್ರಶ್ನೆ ಅಂದಿಗೆ ಮುಗಿದಿಲ್ಲ.

ಹೆಗ್ಗೋಡಿನ ವಿಚಾರ ಎಲ್ಲರಿಗೂ ತಿಳಿದದ್ದರಿಂದ ಅದನ್ನು ವಿಸ್ತರಿಸಬೇಕಿಲ್ಲ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸಂಘ, 1973ರ ಚಿತ್ರಸಮಾಜ, 1980ರ ರಂಗಶಿಕ್ಷಣ ಕೇಂದ್ರ, 1985ರ ತಿರುಗಾಟ ಈ ಕ್ರಮವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಕೆ.ವಿ. ಸುಬ್ಬಣ್ಣನವರ ದೂರದೃಷ್ಟಿಯನ್ನು ಎತ್ತಿ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ವರ್ಷಗಳ ನಡುವಿನ ಅಂತರವನ್ನು ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಸಂಘ ಹುಟ್ಟಿ ಶಾಲೆ ಆಗುವುದಕ್ಕೆ 31 ವರ್ಷ ಹಿಡಿಯಿತು. ಅಷ್ಟು ಕಾಲ ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ನಾಟಕ ಆಡಿದರು, ನೋಡಿದರು, ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಕಂಡರು. ಕಲಾವಿದರಿಗೆ ತರಬೇತಿ ಕೊಡುವ ಮೊದಲು ನೋಡುವವರ ಕಣ್ಣು ಅಲ್ಲಿ ಸಿದ್ಧವಾಗಿತ್ತು. ಇಂದಿನ ಸಂಸ್ಥೆಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ: ಮೊದಲು ಕಟ್ಟಡ, ಬಳಿಕ ಕಲಾವಿದ, ಕೊನೆಗೆ ಸಾಧ್ಯವಾದರೆ ಪ್ರೇಕ್ಷಕ.

4

ಕಲಾವಿದರೇ ಸೇರಿ ತಮಗಾಗಿ ಒಂದು ಊರನ್ನು ಕಟ್ಟಿಕೊಂಡರೆ? ಮದ್ರಾಸಿನ ಹೊರವಲಯದ ಇಂಜಂಬಾಕ್ಕಂನಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ನೇತೃತ್ವದಲ್ಲಿ 1966ರಲ್ಲಿ ಸ್ಥಾಪನೆಯಾದ ಚೋಳಮಂಡಲ ಕಲಾಗ್ರಾಮ ಈ ಪ್ರಶ್ನೆಗೆ ಭಾರತದಲ್ಲಿ ದೊರೆತ ಅತ್ಯಂತ ದಿಟ್ಟ ಉತ್ತರ. ಅಲ್ಲಿನ ಚಿತ್ರಕಾರರು ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ಮಾಡಿ, ಮಾರಿ, ಬಂದ ಹಣದಿಂದ ಕಡಲ ತೀರದ ಭೂಮಿ ಕೊಂಡರು. ಕರಕುಶಲ ಅನ್ನ ಕೊಡಲಿ, ಚಿತ್ರ ಸ್ವತಂತ್ರವಾಗಿರಲಿ ಎಂಬುದು ಅದರ ಹಿಂದಿನ ಲೆಕ್ಕ. ಇದೂ ಒಂದು ಬಗೆಯ ಸಹಕಾರವೇ. ರಾಜರಾಜೇಶ್ವರಿನಗರದ ಗೃಹನಿರ್ಮಾಣ ಸಂಘಗಳೊಡನೆ ಇಟ್ಟು ನೋಡಿದರೆ, ಅಲ್ಲಿ ನಿವೇಶನದ ಹಂಚಿಕೆಯ ಬಳಿಕವೂ ಕೂಡಿ ದುಡಿಯುವ ಕಾರಣ ಉಳಿದಿತ್ತು ಎಂಬ ವ್ಯತ್ಯಾಸ ಎದ್ದು ಕಾಣುತ್ತದೆ.

ಕನ್ನಡಕ್ಕೆ ಈ ಕಥೆ ಹೊರಗಿನದಲ್ಲ. ಮೈಸೂರಿನಲ್ಲಿ ಹುಟ್ಟಿ ಮದ್ರಾಸಿನಲ್ಲಿ ಕಲಿತ ಎಸ್.ಜಿ. ವಾಸುದೇವ್ ಚೋಳಮಂಡಲದ ಸ್ಥಾಪಕ ಸದಸ್ಯರಲ್ಲೊಬ್ಬರು. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಚಲನಚಿತ್ರಕ್ಕೆ (1970) ಕಲಾನಿರ್ದೇಶಕರಾಗಿದ್ದವರೂ ಅವರೇ. ಆಗ ಮದ್ರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದು ಅಲ್ಲಿನ ಹವ್ಯಾಸಿ ರಂಗಭೂಮಿಯಲ್ಲಿ ತೊಡಗಿದ್ದ ಕಾರ್ನಾಡರು ಪ್ರಾಣೇಶಾಚಾರ್ಯರಾದರು, ಸ್ನೇಹಲತಾ ರೆಡ್ಡಿ ಚಂದ್ರಿಯಾದರು, ಪಿ. ಲಂಕೇಶ್ ನಾರಣಪ್ಪನಾದರು, ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ಧಾರವಾಡದ ಅಟ್ಟದಿಂದ ಹೊರಟ ಕಾದಂಬರಿ ಮದ್ರಾಸಿನ ಸ್ನೇಹವಲಯದ ಮೂಲಕ ಮಲೆನಾಡಿನ ಅಗ್ರಹಾರದ ಚಿತ್ರವಾಯಿತು. ಕನ್ನಡದ ಹೊಸ ಅಲೆಯ ಚಿತ್ರಗಳ ಆರಂಭವನ್ನು ಚಳವಳಿಯೆಂದು ವರ್ಣಿಸುವುದು ರೂಢಿ. ಅದರ ಬೇರಿನಲ್ಲಿದ್ದದ್ದು ಬೇರೆಬೇರೆ ಕಲೆಗಳವರು ಸಂಜೆಯ ಹೊತ್ತು ಒಂದೆಡೆ ಸೇರುತ್ತಿದ್ದ ನಗರ ಜೀವನದ ಒಂದು ಸಣ್ಣ ಅನುಕೂಲ. ಚಿತ್ರಕಾರನಿಗೆ ನಟನ ಪರಿಚಯವಿಲ್ಲದ ಊರಿನಲ್ಲಿ ಇಂತಹ ಚಿತ್ರ ಹುಟ್ಟುವುದು ಕಷ್ಟ.

ಬೆಂಗಳೂರಿನಲ್ಲಿ ದೃಶ್ಯಕಲೆಯ ಮಟ್ಟಿಗೆ ಇಂತಹ ಎಡೆಗಳು ಇಲ್ಲವೆನ್ನುವಂತಿಲ್ಲ. ಬಾದಾಮಿಯಿಂದ ಬಂದ ಆರ್.ಎಂ. ಹಡಪದ ಅವರು 1960ರ ದಶಕದ ಉತ್ತರಾರ್ಧದಲ್ಲಿ ಕಟ್ಟಿದ ಕೆನ್ ಕಲಾಶಾಲೆ ಶೇಷಾದ್ರಿಪುರದಲ್ಲಿ ಬೇರೂರಿತು. ಜೆ.ಎಂ.ಎಸ್. ಮಣಿ, ಶೀಲಾ ಗೌಡ ಅವರಂತಹ, ಶೈಲಿಯಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಕಲಾವಿದರು ಅಲ್ಲಿಂದ ಬಂದರು. ಸುರೇಶ್ ಜಯರಾಮ್ ಅವರು 2003ರಲ್ಲಿ ಶಾಂತಿನಗರದ ತಮ್ಮ ಮನೆಯನ್ನೇ ಕಲಾವಿದರ ತಂಗುದಾಣವಾಗಿ, ಪ್ರದರ್ಶನ ಶಾಲೆಯಾಗಿ ತೆರೆದರು. ಒಂದು ಗುರುವಿನ ಸುತ್ತ, ಇನ್ನೊಂದು ಮನೆಯ ಸುತ್ತ ಬೆಳೆದದ್ದು. ಎರಡರಲ್ಲೂ ಬಾಗಿಲು ತೆರೆದಿರುತ್ತದೆಂಬ ಭರವಸೆಯೇ ಬಂಡವಾಳ. ಚಿತ್ರಕಲಾ ಪರಿಷತ್ತು 2004ರಿಂದ ನಡೆಸುತ್ತ ಬಂದಿರುವ ಚಿತ್ರಸಂತೆ ಬೇರೆ ಜಾತಿಯದು. ಕುಮಾರಕೃಪಾ ರಸ್ತೆಯ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ಕಲಾವಿದರು ಕೂರುವ ಆ ದಿನದ ಸಂಭ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂತೆಯೆಂಬ ಮಾತಿನ ಜೀವಾಳ ವಾರಕ್ಕೊಮ್ಮೆ ಮರಳುವುದರಲ್ಲಿದೆ. ಕಳೆದ ವಾರ ಸೊಪ್ಪು ಕೊಟ್ಟವಳು ಈ ವಾರ ಗುರುತು ಹಿಡಿಯುತ್ತಾಳೆ. ವರ್ಷಕ್ಕೊಮ್ಮೆ ನಡೆಯುವುದು ಜಾತ್ರೆ.

5

ಪಶ್ಚಿಮ ಬೆಂಗಳೂರಿನೊಳಗೇ ಇರುವ ಇನ್ನೊಂದು ನಿದರ್ಶನವನ್ನು ಈ ಚರ್ಚೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಬೆಂಗಳೂರಿಗೆ ಬಂದು ಬೆಳೆದದ್ದು ಶ್ರೀರಾಮಪುರದಲ್ಲಿ. ಅವರ ಆತ್ಮಕಥೆಗೆ 'ಊರುಕೇರಿ' ಎಂಬ ಹೆಸರು ಬಂದದ್ದು ಆಕಸ್ಮಿಕವಲ್ಲ. ಬಡಾವಣೆಯಲ್ಲಿ ಊರೂ ಇಲ್ಲ, ಕೇರಿಯೂ ಇಲ್ಲವೆಂದು ನಾವು ಭಾವಿಸಿರುತ್ತೇವೆ. ಆ ಕೃತಿ ನಗರದೊಳಗೂ ಎರಡೂ ಇವೆಯೆಂದು ತೋರಿಸುತ್ತದೆ. ಬಡವಿದ್ಯಾರ್ಥಿಗಳ ವಸತಿನಿಲಯ, ಕೂಲಿಕಾರರ ಬೀದಿ, ಸಭೆಯ ಮೈದಾನ ಇವು ಅವರ ಕಾವ್ಯದ ಮೊದಲ ಕಟ್ಟೆಗಳು. 1975ರಲ್ಲಿ 'ಹೊಲೆಮಾದಿಗರ ಹಾಡು' ಅಚ್ಚಾಯಿತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಆ ಹಾಡುಗಳು ಬಾಯಿಂದ ಬಾಯಿಗೆ ಹಬ್ಬಿದವು. ಅವನ್ನು ಹಾಡಿದ ಬಹುಮಂದಿ ಪುಸ್ತಕ ಕಂಡವರಲ್ಲ. ಅದೇ ವರ್ಷ ಹುಟ್ಟಿದ 'ಸಮುದಾಯ' ತಂಡ ತನ್ನ ಹೆಸರಿನಲ್ಲೇ ಈ ಆಶಯವನ್ನು ಹೊತ್ತು ಬೀದಿಗೆ ನಾಟಕವನ್ನು ತಂದಿತು.

ಈ ಎರಡರ ನಡುವೆ ಒಂದು ಅಂತರವನ್ನು ಗುರುತಿಸಬೇಕು. 'ಸಮುದಾಯ' ರಂಗಕರ್ಮಿಗಳು ಜನರ ಬಳಿಗೆ ಹೋದರು. ಹೋಗುವುದು ಎಂಬ ಕ್ರಿಯೆಯಲ್ಲೇ ದೂರವೊಂದರ ಒಪ್ಪಿಗೆಯಿದೆ. ಸಿದ್ಧಲಿಂಗಯ್ಯನವರಿಗೆ ಹೋಗಬೇಕಾದ ದೂರವಿರಲಿಲ್ಲ. ಅವರ ಕವಿತೆಯ 'ನನ್ನ ಜನ' ಎನ್ನುವವರು ಅವರ ಬೀದಿಯವರು. ಕಲಾವಿದ ಸಮುದಾಯವನ್ನು ಹುಡುಕಬೇಕೆಂಬ ಮಾತೇ ಒಂದು ಅಂತಸ್ತಿನ ಮಾತೆಂದು ಇದರಿಂದ ಅನಿಸಬಹುದು. ಪೂರ್ತಿ ನಿಜವಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ನಿಜ. ಕೇರಿಯಲ್ಲಿ ಕೂಡಿ ಬಾಳುವುದು ಒತ್ತಾಯದಿಂದ ಬಂದದ್ದು. ಅದನ್ನು ರಮ್ಯವಾಗಿ ಕಾಣುವುದು ಅನ್ಯಾಯವಾದೀತು. ಆ ಒತ್ತಾಯದಿಂದ ಬಿಡಿಸಿಕೊಂಡು ಬಡಾವಣೆಯ ಮನೆಯೊಂದಕ್ಕೆ ಬಂದ ದಲಿತ ಬರಹಗಾರನಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಕೇರಿಯ ಕೇಳುಗ ಹಿಂದೆ ಉಳಿದ, ಬಡಾವಣೆಯ ಕೇಳುಗ ಇನ್ನೂ ಬಂದಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಮೊದಲು ಜಾತಿಯನ್ನೇ ವಿಚಾರಿಸುವ ನಗರದಲ್ಲಿ ಸ್ಥಳೀಯ ಸಮುದಾಯವೆಂಬ ಮಾತನ್ನು ಎಚ್ಚರದಿಂದ ಬಳಸಬೇಕಾಗುತ್ತದೆ.

6

ಸಿದ್ಧಲಿಂಗಯ್ಯನವರು ಮುಂದೆ ಅಧ್ಯಾಪಕರಾಗಿ ದುಡಿದದ್ದು ಜ್ಞಾನಭಾರತಿಯಲ್ಲಿ, ಎಂದರೆ ರಾಜರಾಜೇಶ್ವರಿನಗರದ ಎದುರು ದಂಡೆಯಲ್ಲಿ. ಆ ಆವರಣದ ಮಗ್ಗುಲಿಗೆ, ಮಲ್ಲತ್ತಹಳ್ಳಿಯಲ್ಲಿ, ಸರ್ಕಾರ ರೂಪಿಸಿದ ಕಲಾಗ್ರಾಮವಿದೆ. ರಂಗಮಂದಿರವಿದೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವಿದೆ. 2013ರ ಡಿಸೆಂಬರಿನಲ್ಲಿ ಜಿ.ಎಸ್. ಶಿವರುದ್ರಪ್ಪನವರ, 2014ರ ಆಗಸ್ಟಿನಲ್ಲಿ ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿಯೇ. ನಾಡು ತನ್ನ ಕವಿಗಳನ್ನು ಕೊನೆಯ ಬಾರಿಗೆ ಕೂಡಿಸಲು ಆರಿಸಿದ ನೆಲ ಇದು. ಗ್ರಾಮವೆಂಬ ಹೆಸರಿದೆ, ಒಕ್ಕಲುಗಳಿಲ್ಲ. ಚೋಳಮಂಡಲಕ್ಕೂ ಇದಕ್ಕೂ ಇರುವ ಭೇದ ಕಟ್ಟಡಗಳದ್ದಲ್ಲ. ಅಲ್ಲಿ ಸಂಜೆ ದೀಪ ಹಚ್ಚುವವರು ಕಲಾವಿದರೇ ಆಗಿದ್ದರು. ಇಲ್ಲಿ ಪ್ರದರ್ಶನ ಮುಗಿದೊಡನೆ ಎಲ್ಲರೂ ವಾಹನ ಹುಡುಕಿ ಹೊರಡುತ್ತಾರೆ. ಮೈಸೂರು ರಸ್ತೆಯ ಇಕ್ಕೆಲಗಳಲ್ಲಿ ಒಂದೆಡೆ ವೇದಿಕೆ, ಇನ್ನೊಂದೆಡೆ ವಸತಿ ನಿಂತು ಒಂದನ್ನೊಂದು ನೋಡುತ್ತಿವೆ.

ಹಾಗಾದರೆ ಬಡಾವಣೆಯೊಳಗೆ ಏನೂ ಇಲ್ಲವೆ? ಇದೆ, ನಮ್ಮ ವಿಮರ್ಶೆಯ ಕಣ್ಣಿಗೆ ಬೀಳುವ ರೂಪದಲ್ಲಿಲ್ಲ. ಇಂತಹ ಬಡಾವಣೆಗಳ ಯಾವ ಅಡ್ಡರಸ್ತೆಯಲ್ಲಿ ಸಂಜೆ ಐದರ ಬಳಿಕ ನಡೆದರೂ ಸರಳೆ ಜಂಟಿವರಸೆಗಳ ದನಿ ಕೇಳುತ್ತದೆ. ತಟ್ಟುಕೋಲಿನ ಸದ್ದು ಕೇಳುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಸಂಗೀತ, ವೀಣೆ, ಭರತನಾಟ್ಯ ಹೇಳಿಕೊಡುವವರು ಹೆಚ್ಚಾಗಿ ಹೆಂಗಸರು. ಅವರಲ್ಲಿ ಬಹುಮಂದಿ ಒಂದು ಕಾಲದಲ್ಲಿ ವೇದಿಕೆಯ ಕನಸು ಕಂಡವರು, ಸಂಸಾರದ ಅಗತ್ಯಗಳಿಗಾಗಿ ಮನೆಯಲ್ಲೇ ನೆಲೆನಿಂತವರು. ಮಗುವನ್ನು ಕರೆತಂದ ತಾಯಿತಂದೆಯರು, ಅಜ್ಜಅಜ್ಜಿಯರು ಮೆಟ್ಟಿಲ ಮೇಲೆ ಕೂರುತ್ತಾರೆ. ವಾರಕ್ಕೆರಡು ಬಾರಿ, ವರ್ಷಗಟ್ಟಲೆ. ಯಾವ ಕೇರಿಯವರು, ಯಾವ ಭಾಷೆಯವರು ಎಂಬುದನ್ನು ಮರೆತು ಮಾತು ಬೆಳೆಯುತ್ತದೆ. ಮರಳಿ ಬರುವ ಹೊತ್ತು, ಕೂರುವ ಜಾಗ, ಕೇಳುವ ಕಿವಿ ಮೂರೂ ಕೂಡಿದ ಬೇರೆ ಎಡೆ ಬಡಾವಣೆಯಲ್ಲಿಲ್ಲ. ಆದರೂ ಈ ಟೀಚರುಗಳನ್ನು ಕಲಾವಿದರ ಪಟ್ಟಿಯಲ್ಲಿ ಯಾರೂ ಎಣಿಸುವುದಿಲ್ಲ. ಮನೆಪಾಠದವರೆಂದು ಬದಿಗೆ ಸರಿಸುತ್ತಾರೆ. ಹಲಸಂಗಿಯ ಗರತಿಯರಿಗೆ ಆದದ್ದೇ ಇವರಿಗೂ ಆಗುತ್ತಿದೆ. ಹಾಡಿದ್ದನ್ನು ಬರೆದುಕೊಳ್ಳುವ ಗೆಳೆಯರೂ ಇವರಿಗಿಲ್ಲ.

ಬೆಂಗಳೂರಿನ ಸಂಗೀತಕ್ಕೆ ಕೇಳುಗರ ಬಳಗ ಬೆಳೆದದ್ದು ಹೀಗೆ ನೆರೆಹೊರೆಯಿಂದಲೇ. ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಉತ್ಸವ ಮೊದಲಿಗೆ ಬೀದಿಯವರ ಹಬ್ಬ. ದೊಡ್ಡ ವಿದ್ವಾಂಸರು ಬಂದದ್ದು ಆ ಬೀದಿಯನ್ನು ನಂಬಿ. ಪಾನಕ ಕೋಸಂಬರಿಗೆ ಬಂದವರು ರಾಗಾಲಾಪನೆ ಕೇಳಿ ನಿಂತರು. ನಿಂತವರು ಮುಂದಿನ ವರ್ಷ ಚಾಪೆ ಹಾಸಿದರು. ರಾಜರಾಜೇಶ್ವರಿನಗರದಂತಹ ಬಡಾವಣೆಗಳ ಗಣೇಶೋತ್ಸವ, ರಾಜ್ಯೋತ್ಸವಗಳ ಪೆಂಡಾಲಿಗೂ ಇಂತಹ ಶಕ್ತಿಯಿದೆ. ಅಲ್ಲಿ ಈಗ ಧ್ವನಿಮುದ್ರಿತ ಚಿತ್ರಗೀತೆಗೆ ಮಕ್ಕಳು ಕುಣಿಯುತ್ತಾರೆ, ಹೊರಗಿನ ವಾದ್ಯಗೋಷ್ಠಿಗೆ ಹಣ ಹೋಗುತ್ತದೆ. ಎರಡು ಮನೆಯಾಚೆ ಇರುವ ವೈಣಿಕಳನ್ನು, ಅದೇ ರಸ್ತೆಯ ರಂಗನಟನನ್ನು ಕರೆಯುವುದು ಸಮಿತಿಗೆ ಹೊಳೆಯುವುದಿಲ್ಲ. ನಟನಿಗೂ ಆ ವೇದಿಕೆ ತನ್ನ ಘನತೆಗೆ ಕಡಿಮೆಯೆನಿಸುತ್ತದೆ. ಇಬ್ಬರಲ್ಲಿ ಮೊದಲು ಬಾಗಬೇಕಾದವನು ಕಲಾವಿದನೇ. ಪೆಂಡಾಲಿನ ಪ್ರೇಕ್ಷಕ ಆಗಲೇ ಬಂದು ಕುಳಿತಿದ್ದಾನೆ. ರವೀಂದ್ರ ಕಲಾಕ್ಷೇತ್ರದಲ್ಲಿ ಅವನನ್ನು ಎಷ್ಟೋ ವೇಳೆ ಕಾಯಬೇಕಾಗುತ್ತದೆ.

ಇದಕ್ಕೆ ಬೇಕಾದ ಕಟ್ಟಡವೂ ಇಲ್ಲವೆನ್ನುವಂತಿಲ್ಲ. ಬಡಾವಣೆಯ ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಜಾಗ ಬಿಡಬೇಕೆಂಬ ನಿಯಮವಿದೆ. ಶಾಲೆಗಳ ಸಭಾಂಗಣ ಭಾನುವಾರ ಬರಿದಾಗಿರುತ್ತದೆ. ಉದ್ಯಾನದ ಮಂಟಪದಲ್ಲಿ ಮುಂಜಾನೆ ಯೋಗ ಮುಗಿದರೆ ದಿನವಿಡೀ ಯಾರೂ ಇಲ್ಲ. ಕೊರತೆಯಿರುವುದು ಕೇಳುವವರದ್ದು. ಹತ್ತು ಮಂದಿ ನೆರೆಯವರು ಅರ್ಜಿ ಹಿಡಿದು ಬಂದರೆ ಆಗುವ ಕೆಲಸ, ಒಬ್ಬ ಪ್ರಸಿದ್ಧ ಕಲಾವಿದನ ಪತ್ರದಿಂದ ಆಗುವುದಿಲ್ಲ.

ಈ ನಿಟ್ಟಿನಲ್ಲಿ ಕನ್ನಡ ವಿಭಾಗಗಳಿಗೊಂದು ನಿರ್ದಿಷ್ಟ ಕೆಲಸವಿದೆ. ಹಳ್ಳಿಯ ಜನಪದ ಕಲಾವಿದರ ಕ್ಷೇತ್ರಕಾರ್ಯಕ್ಕೆ ನಮ್ಮ ಸಂಶೋಧಕರು ದಶಕಗಳಿಂದ ಹೋಗುತ್ತಿದ್ದಾರೆ. ಜ್ಞಾನಭಾರತಿಯಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣದ ದೂರದಲ್ಲಿರುವ ಬಡಾವಣೆಯ ಹಾಡುಗಾರಿಕೆ, ಅಲ್ಲಿನ ಹಳೆಯ ಹಳ್ಳಿಗಳ ಭಜನೆ ಮನೆಗಳು, ಬಾಡಿಗೆ ಕೋಣೆಗಳ ನಟರು, ಮುಂಕೋಣೆಯ ಪಾಠಶಾಲೆಗಳು ಯಾವ ಪ್ರೌಢಪ್ರಬಂಧಕ್ಕೂ ವಿಷಯವಾಗಿ ತೋರದಿರುವುದು ಸೋಜಿಗ. ಹಲಗೆವಡೇರಹಳ್ಳಿ, ಪಟ್ಟಣಗೆರೆಗಳ ಹಿರಿಯರ ನೆನಪಿನಲ್ಲಿರುವ ನಾಟಕ, ಭಜನೆ, ಹಾಡುಗಳನ್ನು, ಅವುಗಳಿಗೆ ಹಾರ್ಮೋನಿಯಂ ನುಡಿಸಿದವರ ಹೆಸರುಗಳನ್ನು, ಆ ಹಿರಿಯರು ಇರುವಾಗಲೇ ದಾಖಲಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಸಂಶೋಧನೆಗೆ ಒಂದೊಂದು ಅಡ್ಡರಸ್ತೆಯನ್ನು ಹಂಚಿದರೂ ಕೆಲಸ ಆರಂಭವಾಗುತ್ತದೆ. ಹಾಗೆ ಬರೆದುಕೊಳ್ಳುವಾಗ ಹಾಡಿದವರ, ಕಲಿಸಿದವರ ಹೆಸರನ್ನು ಮುಖಪುಟದಲ್ಲೇ ನಮೂದಿಸುವುದು ಕಡ್ಡಾಯವಾಗಬೇಕು.